ಆಲ್ಜಿಬ್ರಾಕ್ಕೆ ಮುಯ್ಯಾಳು

ಕೊಪ್ಪದವನ ಮೇಲೆ ನನಗಿರುವ ಸಿಟ್ಟು ಇಂದು ನಿನ್ನೆಯದಲ್ಲ. ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ಆರು ವಾರ ಅವನ ಜೊತೆ ಒಂದೇ ಕೋಣೆಯಲ್ಲಿದ್ದೆ. ಅಷ್ಟರಲ್ಲಿ ಅವನು ನನ್ನ ತಲೆ ಎಷ್ಟು ತಿಂದ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಅವನಿಗೆ ಕೋಪ ಬರುತ್ತಿರಲಿಲ್ಲ, ನಾಚಿಕೆ ಆಗುತ್ತಿರಲಿಲ್ಲ, ಸುಳ್ಳು ಹೇಳಲು ಬರುತ್ತಿರಲಿಲ್ಲ. ಇಂಥವನ ಜೊತೆ ಏಗುವುದು ಎಷ್ಟು ಕಷ್ಟ ಅನ್ನುವುದು ಏಗಿದವರಿಗೇ ಗೊತ್ತು.

ವಿಷಯ ಇಷ್ಟು. ಹೈಸ್ಕೂಲಿನ ಕೊನೆಯ ಪರೀಕ್ಷೆ ಬರೆದ ತಾಲ್ಲೂಕು ಹುಡುಗರು ಕಾಲೇಜಿಗೆ ಬಂದು ಕಣ್ಣು ಬಾಯಿ ಬಿಟ್ಟುಕೊಂಡು ಕೂರುತ್ತಾರೆ, ಸೇರುವ ಮುಂಚೆಯೇ ಅವರಿಗೆ ಸ್ವಲ್ಪ ಇಂಗ್ಲಿಷು, ಸ್ವಲ್ಪ ಗಣಿತ, ಸ್ವಲ್ಪ ವಿಜ್ಞಾನ ತುಂಬಿಸೋಣ ಅಂತ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ಆ ವರ್ಷ ಬೇಸಿಗೆ ತರಗತಿ ಇಟ್ಟಿದ್ದರು. ದಿನಾ ಅಭ್ಯಾಸ ಬರೆದು ಒಪ್ಪಿಸಬೇಕು, ಅದಕ್ಕೆ ಅಂಕ. ಕೊನೆಗೊಂದು ಪರೀಕ್ಷೆ, ಅದಕ್ಕೂ ಅಂಕ. ಎರಡನ್ನೂ ಕೂಡಿಸಿ ತಾಲ್ಲೂಕಿಗೆ ಒಬ್ಬ ಹುಡುಗನಿಗೆ ಎರಡು ವರ್ಷ ಹಾಸ್ಟೆಲಿನಲ್ಲಿ ಊಟ, ವಸತಿ ಬಿಟ್ಟಿ. ಒಬ್ಬನಿಗೆ ಮಾತ್ರ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸಲು ಬಂದ ನಮ್ಮಪ್ಪ, ಸೀಟು ಸಿಕ್ಕಿದರೆ ಓದು, ಸಿಗದಿದ್ದರೆ ಅಕ್ಕಿ ಗಿರಣಿಯವರ ಹತ್ತಿರ ಮಾತಾಡಿದ್ದೇನೆ, ತವುಡಿನ ಧೂಳು ಕುಡಿದುಕೊಂಡು ಅಲ್ಲೇ ಬಿದ್ದಿರು ಅಂದರು. ಬೆದರಿಕೆಗೆ ಹೇಳಿದ್ದಲ್ಲ. ಅವರು ನಿಜವಾಗಿಯೂ ಮಾತಾಡಿ ಬಂದಿದ್ದರು.

ನಾನು ವೈದ್ಯನಾಥಪುರದವನು. ಅದು ಮದ್ದೂರಿಗೆ ಕೂಗಳತೆ. ಕೊಪ್ಪವೂ ಮದ್ದೂರು ತಾಲ್ಲೂಕೇ. ಅಂದರೆ ನಾನೂ ಅವನೂ ಒಂದೇ ಸೀಟಿಗೆ ಬಂದವರು. ಇಷ್ಟು ಸರಳವಾದ ಮಾತು ಅವನ ತಲೆಗೆ ಹೋದಂತೆ ಒಂದು ದಿನವೂ ಕಾಣಲಿಲ್ಲ. ರೈಲಿನಲ್ಲಿ ನನ್ನ ಪಕ್ಕದಲ್ಲೇ ಕೂತು ಹುರಿಹಿಟ್ಟಿನ ಗಂಟು ಬಿಚ್ಚಿ, ಮೊದಲ ಹಿಡಿ ನನ್ನ ಕೈಗೆ ಹಾಕಿದ.

ಕೋಣೆಯಲ್ಲಿ ಮೂರನೆಯವನು ಮಳವಳ್ಳಿಯವನು. ಹಾಸ್ಟೆಲಿನಲ್ಲಿ ಯಾರೂ ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ, ಊರೇ ಹೆಸರು. ಮಳವಳ್ಳಿಯವನ ತಂದೆ ಸಾಹೇಬರು ಇದ್ದಿಲು ಬಸ್ಸು ರಿಪೇರಿ ಮಾಡುವವರು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸುಗಳು ಹಿಂದೆ ಒಲೆ ಕಟ್ಟಿಕೊಂಡು ಓಡುತ್ತಿದ್ದವು, ಓಡಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಇಂಜಿನ್ನಿನ ಜೊತೆ ಬರುವ ಇಂಗ್ಲಿಷು ಪುಸ್ತಕ ಓದಿ ತಂದೆಗೆ ಅರ್ಥ ಹೇಳುವುದು ಚಿಕ್ಕಂದಿನಿಂದ ಇವನ ಕೆಲಸ. ಹಾಗಾಗಿ ಇಂಗ್ಲಿಷು ನಮ್ಮಿಬ್ಬರಿಗಿಂತ ಎಷ್ಟೋ ಮುಂದೆ. ಬೆಳದಿಂಗಳ ಮೇಲೆ ಪ್ರಬಂಧ ಬರೆ ಅಂದರೂ, ಚಂದ್ರ ಹೀಗೆ ತಿರುಗುತ್ತದೆ, ಸೂರ್ಯನ ಬೆಳಕು ಇಲ್ಲಿ ಬೀಳುತ್ತದೆ, ಈ ಭಾಗ ಬಿಸಿಯಾಗದಂತೆ ನೋಡಿಕೊಳ್ಳಬೇಕು ಅಂತ ಬರೆಯುತ್ತಿದ್ದ. ವ್ಯಾಕರಣದಲ್ಲಿ ಮಾತ್ರ ಒಂದು ತಪ್ಪೂ ಇರುತ್ತಿರಲಿಲ್ಲ.

ಆ ಆವರಣವೋ, ಅಲ್ಲಿ ಎಲ್ಲವೂ ದೂರ. ಮಲಗುವ ಕೋಣೆಯಿಂದ ಸ್ನಾನದ ಮನೆ ದೂರ, ಅಲ್ಲಿಂದ ಊಟದ ಮನೆ ದೂರ, ಊಟದ ಮನೆಯಿಂದ ತರಗತಿ ಇನ್ನೂ ದೂರ. ರೇಷನ್ನಿನ ಅನ್ನ, ನೀರಿನಂಥ ಸಾರು. ಮುದ್ದೆ ತಿಂದು ಬೆಳೆದ ಹೊಟ್ಟೆಗೆ ಅದು ತರಗತಿಯ ಬಾಗಿಲು ಮುಟ್ಟುವಷ್ಟರಲ್ಲಿ ಕರಗಿರುತ್ತಿತ್ತು. ಮೇಷ್ಟರುಗಳು ನಮಗೆ ಗೊತ್ತಿಲ್ಲದ ಭಾಷೆಯಲ್ಲಿ ನಮಗೆ ಗೊತ್ತಿಲ್ಲದ ಪಾಠ ಮಾಡಿ, ಗೊತ್ತಾಯಿತೇ ಅಂತ ಕೇಳುತ್ತಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದೆವು. ಸಂಜೆ ಕೋಣೆಗೆ ಬಂದರೆ ಆಲ್ಜಿಬ್ರಾ ಹತ್ತು ಲೆಕ್ಕ, ಇಂಗ್ಲಿಷು ಎರಡು ಪುಟ, ವಾರಕ್ಕೆರಡು ದಿನ ವಿಜ್ಞಾನದ ಚಿತ್ರ. ನನಗೆ ಆಲ್ಜಿಬ್ರಾ ನೀರು ಕುಡಿದಷ್ಟು ಸುಲಭ, ಇಂಗ್ಲಿಷು ಹಿಡಿದರೆ ಒಂದು ವಾಕ್ಯವೂ ನೆಟ್ಟಗೆ ಬರುತ್ತಿರಲಿಲ್ಲ. ಕೊಪ್ಪದವನಿಗೆ ಚಿತ್ರ ಬಿಟ್ಟರೆ ಇನ್ನೇನೂ ಬಾರದು. ಚಿತ್ರ ಮಾತ್ರ ಅದೆಷ್ಟು ಚೆನ್ನಾಗಿ ಬರೆಯುತ್ತಿದ್ದನೆಂದರೆ, ಅವನು ಬರೆದ ಕಪ್ಪೆಯ ಎದೆಗೂಡು ನೋಡಿ ವಿಜ್ಞಾನದ ಮೇಷ್ಟರು ನೋಟುಬುಕ್ಕನ್ನು ಕಿಟಕಿ ಹತ್ತಿರ ಒಯ್ದು ಬೆಳಕಿಗೆ ಹಿಡಿದರು. ಡಾಕ್ಟರ್ ಆಗುತ್ತೇನೆ ಅನ್ನುತ್ತಿದ್ದ ಅವನು. ಆಲ್ಜಿಬ್ರಾದಲ್ಲಿ ಎಕ್ಸ್ ಅಂದರೆ ಏನು ಅಂತ ಗೊತ್ತಿಲ್ಲದವನು ಡಾಕ್ಟರ್ ಆಗುತ್ತಾನಂತೆ ಅಂತ ನಾನು ಒಳಗೇ ನಗುತ್ತಿದ್ದೆ.

ಮೂರನೇ ಸಂಜೆಯೋ ನಾಲ್ಕನೇ ಸಂಜೆಯೋ ಕೊಪ್ಪದವನು ಮೂರು ನೋಟುಬುಕ್ಕುಗಳನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟ. ಮೂವರೂ ಮೂರು ಕೆಲಸ ಮಾಡಿ ಮೂರನ್ನೂ ಯಾಕೆ ಕೆಡಿಸಬೇಕು ಅಂತ ಕೇಳಿದ.

"ಮುಯ್ಯಿ ಮಾಡ್ಕಳವ ಕಣ್ರಲಾ. ಯಾರ್ಗೆ ಯಾವ್ದು ಬತ್ತದೋ ಅಂವ ಮೂರ್ ಗದ್ದೇಲೂ ಅದ್ನೇ ಮಾಡ್ಲಿ."

ನಮ್ಮ ಕಡೆ ಕೂಲಿ ಕೊಟ್ಟು ಆಳು ಕರೆಯುವವರು ಉಳ್ಳವರು. ಮಿಕ್ಕವರದೆಲ್ಲ ಮುಯ್ಯಾಳು. ಇವತ್ತು ನೀನು ನಮ್ಮ ಗದ್ದೆಗೆ ಬಂದರೆ ನಾಳೆ ನಾನು ನಿಮ್ಮ ಗದ್ದೆಗೆ ಬರುತ್ತೇನೆ. ಮುಯ್ಯಿಗೆ ಹೋದವನು ತನ್ನ ಗದ್ದೆಗಿಂತ ಒಂದು ಕೈ ಮೇಲಾಗಿಯೇ ಮಾಡಬೇಕು, ಕಾಟಾಚಾರಕ್ಕೆ ಮಾಡಿದರೆ ಊರೊಳಗೆ ಮರ್ಯಾದೆ ಇರುವುದಿಲ್ಲ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಹಾಗಾಗಿ ಕೊಪ್ಪದವನು ಹೇಳಿದ್ದು ನಮಗೆ ವಿಚಿತ್ರ ಅನ್ನಿಸಲಿಲ್ಲ. ಒಬ್ಬರದು ನೋಡಿ ಒಬ್ಬರು ಬರೆಯುವುದು ಕಳ್ಳತನ ಅಂತ ಗೊತ್ತಿತ್ತು. ಇಲ್ಲಿ ಯಾರೂ ಯಾರದನ್ನೂ ನೋಡಿ ಬರೆಯುತ್ತಿರಲಿಲ್ಲ. ನಾನು ಮೂರು ನೋಟುಬುಕ್ಕಿನಲ್ಲೂ ನನ್ನ ಕೈಯಿಂದಲೇ ಆಲ್ಜಿಬ್ರಾ ಮಾಡುತ್ತಿದ್ದೆ. ಮಳವಳ್ಳಿಯವನು ಮೂರರಲ್ಲೂ ಬೇರೆ ಬೇರೆ ಪ್ರಬಂಧ ಬರೆಯುತ್ತಿದ್ದ, ಒಂದೇ ಬರೆದರೆ ಅವನಿಗೆ ಅವಮಾನ. ಕೊಪ್ಪದವನು ಮೂರರಲ್ಲೂ ಕಪ್ಪೆ ಬರೆಯುತ್ತಿದ್ದ, ನನ್ನ ಪುಸ್ತಕದ ಕಪ್ಪೆ ಅವನದ್ದಕ್ಕಿಂತ ಚೆನ್ನಾಗಿರುತ್ತಿತ್ತು. ಅಕ್ಷರ ಮೂರರಲ್ಲೂ ಒಂದೇ ಕಾಣುತ್ತದಲ್ಲ ಅಂತ ಮೂವರಲ್ಲಿ ಒಬ್ಬನಿಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಗದ್ದೆ ನಾಟಿಯಲ್ಲಿ ಯಾರ ಕೈ ಅಂತ ಯಾರು ನೋಡುತ್ತಾರೆ.

ನಿಜ ಹೇಳಬೇಕೆಂದರೆ ನಾನು ಒಪ್ಪಿದ್ದಕ್ಕೆ ಇನ್ನೊಂದು ಕಾರಣವಿತ್ತು. ದಿನದ ಅಂಕ ನನಗೂ ಕೊಪ್ಪದವನಿಗೂ ಸಮ ಸಮ ಬಂದರೆ ಉಳಿಯುವುದು ಪರೀಕ್ಷೆ. ಆಲ್ಜಿಬ್ರಾ ನಾನೇ ಮಾಡಿಕೊಡುತ್ತಾ ಹೋದರೆ ಅವನು ಅದನ್ನು ಕಲಿಯುವುದೇ ಇಲ್ಲ, ಪರೀಕ್ಷೆಯಲ್ಲಿ ಅಲ್ಲೇ ಬೀಳುತ್ತಾನೆ ಅಂತ ಲೆಕ್ಕ ಹಾಕಿದ್ದೆ. ನನ್ನ ಇಂಗ್ಲಿಷಿಗೂ ಅದೇ ಗತಿ ಅನ್ನುವುದು ಮಾತ್ರ ನನ್ನಂಥ ಬುದ್ಧಿವಂತನಿಗೆ ತೋಚಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಮೂವರಿಗೂ ಒಳ್ಳೆಯ ಅಂಕ. ಅಷ್ಟರಲ್ಲಿ ಮಳವಳ್ಳಿಯವನ ಅಕ್ಕನ ಮದುವೆ ಬಂತು. ಅವನು ವಾರ್ಡನ್ನರಿಗೆ ಹೇಳಿ ನಾಲ್ಕು ದಿನಕ್ಕೆ ಊರಿಗೆ ಹೋದ. ಅವನು ಹೋದ ಸಂಜೆ ಕೊಪ್ಪದವನು ಎಂದಿನಂತೆ ಮೂರು ನೋಟುಬುಕ್ಕು ಸಾಲಾಗಿ ಇಟ್ಟ. ಮಳವಳ್ಳಿಯವನೇ ಇಲ್ಲ, ಅವನ ಪುಸ್ತಕ ಯಾಕೆ ಅಂದೆ. ಮದುವೆಗೆ ಹೋದವನ ಗದ್ದೆ ಒಣಗಿಸೋಕಾಗುತ್ತದಾ, ಇರುವವರು ಸೇರಿ ಮಾಡುವುದಪ್ಪ ಅಂದ. ಹಾಜರಿ ತೆಗೆದುಕೊಳ್ಳುತ್ತಾರೆ, ಸಿಕ್ಕಿಬೀಳುತ್ತೇವೆ ಕಣೋ ಅಂದೆ. ಹಾಜರಿ ಬೇರೆ, ಲೆಕ್ಕ ಬೇರೆ ಅಂದ. ಅರ್ಧ ಗಂಟೆ ವಾದ ಮಾಡಿದೆ. ಅವನು ಸಿಟ್ಟಾಗಲೂ ಇಲ್ಲ, ಬಿಡಲೂ ಇಲ್ಲ. ಕೊನೆಗೆ ನನಗೇ ಸಾಕಾಗಿ ಹತ್ತು ಲೆಕ್ಕ ಮಾಡಿ ಬಿಸಾಕಿದೆ. ನಾಲ್ಕು ದಿನವೂ ಮಳವಳ್ಳಿಯವನ ಹೆಸರಿಗೆ ತರಗತಿಯಲ್ಲಿ ಉತ್ತರವಿಲ್ಲ, ಮೇಜಿನ ಮೇಲೆ ಅವನ ನೋಟುಬುಕ್ಕು ಹಾಜರ್. ಹತ್ತಕ್ಕೆ ಹತ್ತೂ ಸರಿ.

ಐದನೇ ದಿನ ಬೆಳಿಗ್ಗೆ ಜವಾನ ಬಂದು ನನ್ನನ್ನೂ ಕೊಪ್ಪದವನನ್ನೂ ಗಣಿತದ ಮೇಷ್ಟರು ಕರೆಯುತ್ತಿದ್ದಾರೆ ಅಂದ. ಮಳವಳ್ಳಿಯವನು ಇನ್ನೂ ಬಂದಿರಲಿಲ್ಲ. ಮೇಷ್ಟರು ಮುಚ್ಚುಕೋಟು, ಜರಿಪೇಟದ ಮನುಷ್ಯ, ಬೈದವರಲ್ಲ, ಅದಕ್ಕೇ ಹೆದರಿಕೆ. ಮೂರು ನೋಟುಬುಕ್ಕನ್ನೂ ಹಾಜರಿ ಪುಸ್ತಕವನ್ನೂ ಮುಂದಿಟ್ಟುಕೊಂಡು, ಊರಿನಲ್ಲಿರುವವನ ಲೆಕ್ಕ ಇಲ್ಲಿಗೆ ಹೇಗೆ ಬಂತು ಅಂತ ಕನ್ನಡದಲ್ಲೇ ಕೇಳಿದರು. ನಾನು ದಾರಿಯಲ್ಲೇ ಒಂದು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಹೋಗುವ ಮುಂಚೆ ಅವನೇ ಮುಂದಿನ ಪುಟಗಳನ್ನೆಲ್ಲ ಮಾಡಿಟ್ಟಿದ್ದ, ಕೈ ನೋವು ಅಂದಿದ್ದಕ್ಕೆ ನಾನು ನಕಲು ತೆಗೆದುಕೊಟ್ಟೆ ಅಂತ. ಬಹಳ ಒಳ್ಳೆಯ ಸುಳ್ಳೇನಲ್ಲ, ಆದರೂ ತಪ್ಪಿಸಿಕೊಳ್ಳಲು ಒಂದು ಬಾಗಿಲು ಇತ್ತು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಕೊಪ್ಪದವನು ಶುರು ಮಾಡಿದ. ಆಲ್ಜಿಬ್ರಾ ಇವನದು, ಇಂಗ್ಲಿಷು ಮಳವಳ್ಳಿಯವನದು, ಕಪ್ಪೆ ನನ್ನದು ಅಂತ ಒಂದೊಂದಾಗಿ ಬೆರಳು ಮಡಿಸಿ ಹೇಳಿದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಇಂಗ್ಲಿಷಿನ ಮೇಷ್ಟರಿಗೂ ವಿಜ್ಞಾನದ ಮೇಷ್ಟರಿಗೂ ಗೊತ್ತಿಲ್ಲದ್ದನ್ನೂ ಸೇರಿಸಿ ಒಪ್ಪಿಸಿಬಿಟ್ಟ. ನಾನು ಅವನ ಕಾಲು ತುಳಿದೆ. ಅವನು ಕಾಲು ಪಕ್ಕಕ್ಕಿಟ್ಟುಕೊಂಡು ಮುಂದುವರಿಸಿದ.

"ಇದು ಕಳ್ಳತನ ಅಲ್ಲವೇನಯ್ಯಾ?" ಅಂದರು ಮೇಷ್ಟರು.

"ಕಳ್ತನ ಅಲ್ಲ ಸಾ, ಮುಯ್ಯಿ. ಕದ್ದೋನಾದ್ರೆ ಇಂಗೆ ಮುಂದ್ಗಡೆ ತಂದು ಮಡುಗ್ತಾನಾ ಸಾ?"

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ನಕ್ಕರೋ ಏನೋ, ನನಗೆ ಕಾಣಲಿಲ್ಲ. ಆಮೇಲೆ ಇಂಗ್ಲಿಷಿಗೆ ಇಳಿದರು. ಅಧಿಕಾರದ ಮಾತು ಬಂದರೆ ಅವರು ಇಂಗ್ಲಿಷಿನಲ್ಲೇ ಆಡುವುದು. ಮೂವರ ದಿನದ ಅಂಕವೂ ಸೊನ್ನೆ, ಇನ್ನು ಪರೀಕ್ಷೆಯೊಂದೇ ಗತಿ ಅನ್ನುವುದು ಇಬ್ಬರಿಗೂ ಅರ್ಥವಾಯಿತು, ಯಾಕೆಂದರೆ ಮೂರು ಪುಸ್ತಕದ ಮೇಲೂ ಕೆಂಪು ಮಸಿಯಲ್ಲಿ ಸೊನ್ನೆ ಸುತ್ತಿ ತೋರಿಸಿದರು. ಕೊಪ್ಪದವನು ತಲೆ ತಗ್ಗಿಸಿದ. ಆಗ ಮೇಷ್ಟರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಒಬ್ಬರಿಗೊಬ್ಬರು ಹೇಳಿಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ, ಬೇಕಾದಷ್ಟು ಹೇಳಿಕೊಡಿ, ಬರೆಯುವ ಕೈ ಮಾತ್ರ ಅವರವರದೇ ಆಗಿರಲಿ. ನನ್ನ ಇಂಗ್ಲಿಷು ಎಷ್ಟೇ ಹರುಕಾಗಿದ್ದರೂ ಈ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ಹೊರಗೆ ಬಂದ ಮೇಲೆ ನಾನು ಅವನಿಗೆ ಮಾಡಿದ ಪೂಜೆ ಇಲ್ಲಿ ಬರೆಯುವ ಹಾಗಿಲ್ಲ. ಕಂಬದ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ಮೇಷ್ಟರು ಕೊನೆಯಲ್ಲಿ ಏನೋ ಅಂದರಲ್ಲ, ಏನದು ಅಂತ ಕೇಳಿದ.

"ಯಾರ್ಗೂ ಯಾರೂ ಏನೂ ಹೇಳ್ಕೊಡಂಗಿಲ್ಲ ಅಂದ್ರು," ಅಂದೆ.

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯೋಚನೆ ಮಾಡಿಯೇ ಹೇಳಿದ್ದು. ಮೂರು ವಾರದ ಅಂಕ ಹೋಗಿದೆ, ಗಿರಣಿಯ ಧೂಳು ಮೂಗಿಗೆ ಬರುತ್ತಿದೆ, ಇದಕ್ಕೆಲ್ಲ ಕಾರಣನಾದವನು ಎದುರಿಗೆ ನಿಂತಿದ್ದಾನೆ, ಇವನಿಗೆ ನಾನು ಆಲ್ಜಿಬ್ರಾ ಕಲಿಸಿ ನನ್ನ ಸೀಟು ಇವನ ಕೈಗೆ ಕೊಡಬೇಕೇ ಅನ್ನಿಸಿತು. ಮಾತು ಬಾಯಿಂದ ಬಂದಾಗ ಹಾಯೆನಿಸಿತು ಕೂಡ.

ಆ ಸಂಜೆಯೇ ಮಳವಳ್ಳಿಯವನು ಬಂದ, ಮದುವೆಯ ಸಿಹಿ ತಂದಿದ್ದ. ಸೊನ್ನೆಯ ಸುದ್ದಿ ಕೇಳಿ ಹಣೆ ಹಣೆ ಚಚ್ಚಿಕೊಂಡ. ಎರಡು ದಿನ ಬಿಟ್ಟು ನಾನು ಅವನೊಬ್ಬನನ್ನೇ ಆವರಣದ ಪಕ್ಕದ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ಮಧ್ಯಾಹ್ನ ಹೊತ್ತು ನನಗೆ ಇಂಗ್ಲಿಷು ಹೇಳಿಕೊಡು, ಕೊಪ್ಪದವನಿಗೆ ಗೊತ್ತಾಗುವುದು ಬೇಡ ಅಂದೆ. ಅವನು ನನ್ನ ಮುಖ ನೋಡಿದ. ಯಾಕೆ ಅಂತ ಕೇಳಲಿಲ್ಲ. ಆಗಲಿ ಅಂದ. ಊಟವಾದ ಮೇಲೆ ಕೊಪ್ಪದವನು ಮಲಗುತ್ತಿದ್ದ, ನಾವಿಬ್ಬರೂ ಏರಿಗೆ ಹೋಗುತ್ತಿದ್ದೆವು. ಇಂಜಿನ್ನು ಬಿಚ್ಚಿ ತೋರಿಸುವ ಹಾಗೆ ಒಂದೊಂದು ವಾಕ್ಯವನ್ನೂ ಬಿಚ್ಚಿ ತೋರಿಸುತ್ತಿದ್ದ. ಅವನಿಗೆ ಮಳವಳ್ಳಿ ತಾಲ್ಲೂಕಿನ ಸೀಟು, ನನಗೆ ಮದ್ದೂರಿನದು, ನಮ್ಮಿಬ್ಬರಿಗೆ ಜಗಳವಿಲ್ಲ. ನನ್ನ ವಾಕ್ಯಗಳೂ ಮೆಲ್ಲ ಮೆಲ್ಲಗೆ ನೆಟ್ಟಗಾದವು.

ಆ ದಿನಗಳಲ್ಲೇ ಒಂದು ಸಂಜೆ ಕೊಪ್ಪದವನು ಆಲ್ಜಿಬ್ರಾ ಪುಸ್ತಕ ಹಿಡಿದು ನನ್ನ ಚಾಪೆಯ ಹತ್ತಿರ ಬಂದು ಕುಕ್ಕರುಗಾಲಿನಲ್ಲಿ ಕೂತ.

"ಇದೊಂದ್ ಲೆಕ್ಕ ತೋರ್ಸ್ಲಾ."

ಮೇಷ್ಟರು ಬೇಡ ಅಂದಿದ್ದಾರಲ್ಲ, ಮತ್ತೆ ಸಿಕ್ಕಿಹಾಕಿಸುತ್ತೀಯಾ ಅಂತ ರೇಗಿದೆ. ಅವನು ಪುಸ್ತಕ ಮಡಿಸಿದ. "ಓಗ್ಲಿ ಬುಡು," ಅಂತ ಎದ್ದು ಹೋಗಿ ತನ್ನ ಮೂಲೆಯಲ್ಲಿ ಪೆನ್ಸಿಲು ಹೆರೆಯತೊಡಗಿದ. ಮತ್ತೆ ಕೇಳಲಿಲ್ಲ. ಇವನಿಗೆ ಹಟವೇ ಇಲ್ಲ, ಇನ್ನೆರಡು ಸಲ ಪೀಡಿಸಿದ್ದರೆ ನಾನು ಹೇಳಿಕೊಡುತ್ತಿದ್ದೆನೋ ಏನೋ ಅಂತ ಅದಕ್ಕೂ ಅವನ ಮೇಲೇ ಸಿಟ್ಟು ಮಾಡಿಕೊಂಡೆ.

ಪರೀಕ್ಷೆ ಆಯಿತು. ಮದ್ದೂರಿನ ಸೀಟು ನನಗೆ ಬಂತು, ಮಳವಳ್ಳಿಯದು ಮಳವಳ್ಳಿಯವನಿಗೆ. ಕೊಪ್ಪದವನಿಗೆ ಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು, ಇಂಗ್ಲಿಷಿನಲ್ಲಿ ಪರವಾಗಿಲ್ಲ, ಆಲ್ಜಿಬ್ರಾದಲ್ಲಿ ನೂರಕ್ಕೆ ಹನ್ನೊಂದು. ಇಂಗ್ಲಿಷಿನಲ್ಲಿ ಇವನಿಗೆ ಅಷ್ಟು ಹೇಗೆ ಬಂತು ಅಂತ ಒಂದು ಗಳಿಗೆ ಅನ್ನಿಸಿತು, ಸೀಟಿನ ಸಂತೋಷದಲ್ಲಿ ಅದನ್ನು ಅಲ್ಲೇ ಬಿಟ್ಟೆ. ಬಿಟ್ಟಿ ಹಾಸ್ಟೆಲಿಲ್ಲದೆ ಮೈಸೂರಿನಲ್ಲಿ ಓದುವ ಶಕ್ತಿ ಅವನ ಮನೆಯಲ್ಲಿರಲಿಲ್ಲ. ರೈಲಿನಲ್ಲಿ ವಾಪಸು ಬರುವಾಗಲೂ ನನ್ನ ಪಕ್ಕದಲ್ಲೇ ಕೂತ. ಮದ್ದೂರಿನಲ್ಲಿ ಇಳಿದು ನನ್ನ ಟ್ರಂಕನ್ನು ಗಾಡಿಯವರೆಗೆ ಹೊತ್ತು ತಂದ. ಬೇಡ ಅಂದರೂ ಕೇಳಲಿಲ್ಲ.

ಕಾಲೇಜು ಸೇರಿ ಒಂದು ತಿಂಗಳಾದ ಮೇಲೆ ಎರಡು ದಿನ ರಜೆ ಸಿಕ್ಕಿ ಊರಿಗೆ ಬಂದೆ. ನಾಟಿಯ ಕಾಲ. ಮನೆಯಲ್ಲಿ ಯಾರೂ ಇರಲಿಲ್ಲ, ಗದ್ದೆಗೆ ಹೋದೆ. ನಮ್ಮ ಕೆಸರುಗದ್ದೆಯಲ್ಲಿ ಯಾರದೋ ಜೋಡೆತ್ತು, ನೇಗಿಲ ಹಿಂದೆ ಕೊಪ್ಪದವನು. ಮೊಣಕಾಲುಮಟ್ಟ ಕೆಸರು. ನಮ್ಮಪ್ಪ ಬದುವಿನ ಮೇಲೆ ನಿಂತು ಬಹಳ ಖುಷಿಯಲ್ಲಿದ್ದರು. ನಿನ್ನ ಜೊತೆಗಾರ ಮೂರು ದಿನದಿಂದ ಇಲ್ಲೇ ಇದ್ದಾನೆ, ಅಷ್ಟು ದೂರದಿಂದ ಎತ್ತು ಹೊಡೆದುಕೊಂಡು ಬಂದಿದ್ದಾನೆ, ನಿನಗೆ ಮುಯ್ಯಿ ಕೊಡಬೇಕಂತೆ, ಅದೇನು ಮುಯ್ಯಿ ಮಾಡಿದ್ದೆಯೋ ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಯ್ಯಿಯ ಬಾಕಿ ತೀರಿಸುವುದಕ್ಕೆ ಬಂದಿದ್ದ. ಆಲ್ಜಿಬ್ರಾ ದಿನಾ ಇತ್ತು, ಕಪ್ಪೆ ವಾರಕ್ಕೆ ಎರಡೇ ದಿನ, ನನ್ನ ಕೆಲಸವೇ ಹೆಚ್ಚಾಗಿತ್ತು ಅಂತ.

ಅವನು ಎತ್ತು ನಿಲ್ಲಿಸಿ ನೀರು ಕುಡಿಯಲು ಬದುವಿಗೆ ಬಂದ. ನಮ್ಮಪ್ಪ ಆಚೆ ತೂಬಿನ ಕಡೆ ಹೋಗಿದ್ದರು. ಇನ್ನು ತಡೆಯುವುದು ನನ್ನ ಕೈಲಾಗಲಿಲ್ಲ. ಮೇಷ್ಟರು ಅವತ್ತು ಹೇಳಿಕೊಡಬೇಡಿ ಅಂದಿರಲಿಲ್ಲ, ಹೇಳಿಕೊಡಿ ಅಂದಿದ್ದರು, ನಾನು ಸುಳ್ಳು ಹೇಳಿದೆ ಅಂದೆ.

"ಗೊತ್ತು," ಅಂದ. ಮಳವಳ್ಳಿಯವನು ಊರಿಂದ ಬಂದ ಮಾರನೇ ದಿನವೇ ಮೇಷ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದು ಇವನಿಗೆ ಹೇಳಿದ್ದನಂತೆ. ಬೆಳಿಗ್ಗೆ ಹೊತ್ತು, ನಾನು ಏಳುವ ಮುಂಚೆ, ಇವನಿಗೂ ಇಂಗ್ಲಿಷು ಹೇಳಿಕೊಡುತ್ತಿದ್ದನಂತೆ. ನನಗೆ ಹೇಳಬೇಡ ಅಂತ ಇವನೇ ಅಂದಿದ್ದನಂತೆ. ಅಂದರೆ ಪುಸ್ತಕ ಹಿಡಿದು ನನ್ನ ಚಾಪೆಯ ಹತ್ತಿರ ಬಂದು ಕೂತ ಸಂಜೆ ಅವನಿಗೆ ಎಲ್ಲ ಗೊತ್ತಿತ್ತು.

ಗೊತ್ತಿದ್ದೂ ಮತ್ತೆ ಯಾಕೆ ಕೇಳಲಿಲ್ಲ, ನನ್ನ ಕೊರಳಪಟ್ಟಿ ಹಿಡಿದು ಯಾಕೆ ಕೇಳಲಿಲ್ಲ ಅಂತ ನಾನು ಕೂಗಾಡಿದೆ. ತಪ್ಪು ನನ್ನದು, ಕೂಗಾಟವೂ ನನ್ನದೇ.

ಅವನು ಚೊಂಬು ಕೆಳಗಿಟ್ಟ. "ಒಂದ್ಸಲ ಕರ್ದೆನಲ್ಲಪ್ಪ. ಮುಯ್ಯಾಳ್ನ ಎರಡ್ ಸಲ ಕರೀತಾರಾ?"

ಸಿಟ್ಟಿನಿಂದ ಅಂದದ್ದಲ್ಲ. ಪದ್ಧತಿ ಗೊತ್ತಿಲ್ಲದವನಿಗೆ ಪದ್ಧತಿ ಹೇಳಿದ ಹಾಗೆ ಅಂದ. ಸಾಯಂಕಾಲದವರೆಗೆ ಉತ್ತು ಮುಗಿಸಿ, ಎತ್ತು ತೊಳೆದು, ನಮ್ಮ ಮನೆಯಲ್ಲಿ ಮುದ್ದೆ ಉಂಡು, ನಮ್ಮಪ್ಪನಿಗೆ ಬತ್ತೀನಿ ಅಂತ ಹೇಳಿ ಬೆಳಕಿರುವಾಗಲೇ ಹೊರಟ. ಈಗ ನಮ್ಮಿಬ್ಬರ ಮುಯ್ಯಿ ಸಮವಾಯಿತು ಅಂದ ನನಗೆ. ಅವನ ಹೊಲದ ಕೆಲಸಕ್ಕೆ ಯಾವತ್ತು ಬರಲಿ ಅಂತ ಕೇಳಿದೆ. ಹೇಳಿ ಕಳಿಸುತ್ತೇನೆ ಅಂದ.

ಆಮೇಲೆ ನಾನು ಓದಿದೆ, ಮೇಷ್ಟರಾದೆ, ಆಲ್ಜಿಬ್ರಾವನ್ನೇ ಕಲಿಸಿಕೊಂಡು ಹೊಟ್ಟೆ ಹೊರೆದೆ. ನಾಟಿಯ ಕಾಲದಲ್ಲಿ ಕೊಪ್ಪದವನು ನಮ್ಮ ತಮ್ಮನಿಗೆ ಹೇಳಿ ಕಳಿಸುತ್ತಿದ್ದ, ತಮ್ಮ ಹೋಗಿ ಬರುತ್ತಿದ್ದ. ಕೆಸರಿಗೆ ಎಂದೂ ಇಳಿಯದ ಮಳವಳ್ಳಿಯವನಿಗೂ ಹೇಳಿ ಕಳಿಸುತ್ತಿದ್ದ, ಅವನು ಹೋಗಿ ಬದುವಿನ ಮೇಲೆ ಕೂತು ಊಟ ಮಾಡಿ ಬರುತ್ತಿದ್ದ. ರಜೆ ಹಾಕಿ ಊರಿಗೆ ಬಂದು ನಾನು ಮನೆಯಲ್ಲೇ ಕಾದ ವರ್ಷಗಳೂ ಉಂಟು. ನನಗೆ ಹೇಳಿ ಕಳಿಸಲಿಲ್ಲ.